ಒಂಬತ್ತು ಪಿಸ್ಟನ್, ಒಂದೇ ಕ್ರ್ಯಾಂಕ್‌ಪಿನ್

ಹಾರ್ವರ್ಡ್ ತರಬೇತಿ ವಿಮಾನದ ಎಂಜಿನ್ ಬಿಚ್ಚಿಟ್ಟಾಗ ಹೊಸ ಹುಡುಗರು ತಪ್ಪದೆ ಕೇಳುತ್ತಾರೆ: ಸುತ್ತಲೂ ಒಂಬತ್ತು ಸಿಲಿಂಡರ್ ಇವೆ, ಪ್ರೊಪೆಲ್ಲರನ್ನು ತಿರುಗಿಸುವ ಶಾಫ್ಟಿನ ಕ್ರ್ಯಾಂಕ್‌ಪಿನ್ ಮಾತ್ರ ಒಂದೇ. ಪಿಸ್ಟನ್ನನ್ನು ಪಿನ್ನಿಗೆ ಜೋಡಿಸುವ ಒಂಬತ್ತು ರಾಡ್‌ಗಳೂ ಅದರ ಮೇಲೆ ಹೇಗೆ ಕೂರುತ್ತವೆ ಸಾರ್?

ಕೂರುವುದಿಲ್ಲ. ಪಿನ್ನನ್ನು ಹಿಡಿಯುವುದು ಮಾಸ್ಟರ್ ರಾಡ್ ಒಂದೇ. ಅದರ ದಪ್ಪ ತುದಿಯ ಸುತ್ತ ಎಂಟು ಸಣ್ಣ ಪಿನ್ನುಗಳಿವೆ, ಮಿಕ್ಕ ಎಂಟು ಲಿಂಕ್ ರಾಡ್‌ಗಳು ಅವಕ್ಕೆ ಸಿಕ್ಕಿಕೊಂಡಿರುತ್ತವೆ.

ಇದು ಪ್ರ್ಯಾಟ್ ಅಂಡ್ ವಿಟ್ನಿಯ ಆರ್-1340 ವಾಸ್ಪ್, ಸಿಲಿಂಡರ್‌ಗಳನ್ನು ಸುತ್ತಲೂ ಜೋಡಿಸಿದ ರೇಡಿಯಲ್ ಎಂಜಿನ್. ರೈಟ್ ಕಂಪನಿ ಬಿಟ್ಟು ಬಂದ ಫ್ರೆಡರಿಕ್ ರೆಂಟ್‌ಷ್ಲರ್ 1925ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೊಸ ಸಂಸ್ಥೆ ಕಟ್ಟಿದರು. ವಿನ್ಯಾಸ ಜಾರ್ಜ್ ಮೀಡ್ ಮತ್ತು ಆಂಡಿ ವಿಲ್‌ಗೂಸ್ ಅವರದು. ಅದೇ ಡಿಸೆಂಬರ್ 24ಕ್ಕೆ ಮೊದಲ ಎಂಜಿನ್ ಸಿದ್ಧ. ಕಣ್ಣಿದ್ದದ್ದು ನೌಕಾಪಡೆಯ ಮೇಲೆ. ಹಡಗಿನಿಂದ ಹಾರುವ ವಿಮಾನಕ್ಕೆ ರೇಡಿಯೇಟರ್, ನೀರು, ಪೈಪುಗಳ ಭಾರ ಯಾರಿಗೆ ಬೇಕು? ಗಾಳಿಗೇ ತಣಿಯಬೇಕು, ತೂಕ 650 ಪೌಂಡ್ ದಾಟಬಾರದು, 400 ಅಶ್ವಶಕ್ತಿ ಕೊಡಬೇಕು.

ಮಾಸ್ಟರ್ ರಾಡನ್ನು ಪಿನ್ನಿಗೆ ಹಾಕಬೇಕೆಂದರೆ ರಾಡನ್ನಾದರೂ ಸೀಳಬೇಕು, ಶಾಫ್ಟನ್ನಾದರೂ ಸೀಳಬೇಕು. ಕಾರಿನ ಎಂಜಿನ್ನಿನಲ್ಲಿ ರಾಡಿನ ತುದಿಯನ್ನು ಎರಡು ಹೋಳು ಮಾಡಿ ಬೋಲ್ಟ್ ಬಿಗಿಯುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಒಂಬತ್ತು ಪಿಸ್ಟನ್‌ಗಳ ಎಳೆತವೂ ಆ ಬೋಲ್ಟುಗಳ ಮೇಲೇ ಬೀಳುತ್ತದೆ, ವೇಗ ದುಪ್ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಬೋಲ್ಟ್ ದಪ್ಪ ಮಾಡೋಣವೆಂದರೆ ಲಿಂಕ್ ಪಿನ್ನುಗಳ ನಡುವೆ ಜಾಗವಿಲ್ಲ. ಅವರು ರಾಡನ್ನು ಇಡಿಯಾಗಿಯೇ ಉಳಿಸಿ, ಶಾಫ್ಟನ್ನು ಎರಡು ತುಂಡು ಮಾಡಿದರು. ರಾಡ್ ತೂರಿಸಿದ ಮೇಲೆ ತುಂಡುಗಳನ್ನು ಸೇರಿಸಿ ಬೋಲ್ಟ್ ಬಿಗಿಯುವುದು. ವಾಸ್ಪ್‌ನ ಗಟ್ಟಿತನವೆಲ್ಲ ಈ ಒಂದು ತೀರ್ಮಾನದಲ್ಲಿದೆ ಎಂದೇ ನನ್ನ ಲೆಕ್ಕ. ಶುರುವಿನಲ್ಲಿ ನಿಮಿಷಕ್ಕೆ 1900 ಸುತ್ತು ತಿರುಗುತ್ತಿದ್ದ ಎಂಜಿನ್, 5.75 ಅಂಗುಲದ ಅದೇ ಬೋರ್ (ಸಿಲಿಂಡರಿನ ಒಳ ಅಗಲ), ಅದೇ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇಟ್ಟುಕೊಂಡು ಹಾರ್ವರ್ಡ್‌ನಲ್ಲಿ 2250 ಸುತ್ತಿಗೆ 600 ಅಶ್ವಶಕ್ತಿ ಕೊಟ್ಟಿತು. ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್, ಒಳ್ಳೆಯ ಪೆಟ್ರೋಲ್ ಕೂಡ ನೆರವಾದವು, ನಿಜ. ಆದರೆ ಆ ವೇಗ ತಡೆದುಕೊಂಡದ್ದು ಇಡಿ ರಾಡ್.

 

ಒಂದು ತೊಡಕು ಉಳಿಯಿತು. ಲಿಂಕ್ ರಾಡ್‌ಗಳು ಕ್ರ್ಯಾಂಕ್‌ಪಿನ್ನಿನ ನಡುಮಧ್ಯದಿಂದ ಹೊರಡುವುದಿಲ್ಲ, ಹಾಗಾಗಿ ಅವುಗಳ ಪಿಸ್ಟನ್‌ಗಳು ಮೇಲ್ತುದಿ ಮುಟ್ಟುವ ಹೊತ್ತು ಒಂದೆರಡು ಡಿಗ್ರಿ ಹಿಂದುಮುಂದಾಗುತ್ತದೆ. ಮುಂದಿನ ದೊಡ್ಡ ರೇಡಿಯಲ್‌ಗಳಲ್ಲಿ ಕಿಡಿ ಹಾರಿಸುವ ಮ್ಯಾಗ್ನೆಟೋದಲ್ಲಿ ಅದರ ಹೊತ್ತನ್ನು ನಿರ್ಧರಿಸುವ ಕ್ಯಾಮಿನ ಒಂದೊಂದು ಉಬ್ಬನ್ನೂ ಅದರದರ ಸಿಲಿಂಡರಿಗೆ ತಕ್ಕಂತೆ ಕೊರೆದು ಇದನ್ನು ಸರಿದೂಗಿಸಿದರು.

ಲಿಂಕ್ ರಾಡ್ ಕೆಡುವುದು ಹೆಚ್ಚಾಗಿ ನೆಲದ ಮೇಲೆಯೇ. ನಿಂತ ಎಂಜಿನ್ನಿನಲ್ಲಿ ಆಯಿಲ್ ಜಿನುಗಿ ಕೆಳಗಿನ ಸಿಲಿಂಡರ್‌ಗಳಲ್ಲಿ ತುಂಬುತ್ತದೆ, ಆಯಿಲ್ ಒತ್ತಿದರೆ ಕುಗ್ಗುವ ವಸ್ತುವಲ್ಲ. ಅದಕ್ಕೇ ಸ್ಟಾರ್ಟ್ ಮಾಡುವ ಮುಂಚೆ, ಮ್ಯಾಗ್ನೆಟೋ ಸ್ವಿಚ್ ಆಫ್ ಇದೆಯೇ ನೋಡಿಕೊಂಡು, ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುತ್ತೇವೆ. ಎಲ್ಲಾದರೂ ಗಕ್ಕನೆ ನಿಂತರೆ ಜೋರು ಮಾಡಬಾರದು. ಹಿಂದಕ್ಕೂ ತಿರುಗಿಸಬಾರದು: ಆಯಿಲ್ ಇನ್‌ಟೇಕ್ ಪೈಪಿಗೆ ಹೋಗಿ ಕೂತು, ಸ್ಟಾರ್ಟ್ ಆದೊಡನೆ ವಾಪಸ್ ಬರುತ್ತದೆ. ಕೆಳಗಿನ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಯಿಲ್ ಪೂರ್ತಿ ಸುರಿದುಹೋಗಲು ಬಿಡಬೇಕು. ಹಟ ಹಿಡಿದು ಸ್ಟಾರ್ಟರ್ ಒತ್ತಿದರೆ ಬಾಗಿದ ರಾಡ್ ಅವತ್ತೇ ಮುರಿಯಬೇಕೆಂದೇನಿಲ್ಲ, ಎಷ್ಟೋ ಗಂಟೆ ಹಾರಿದ ಮೇಲೂ ಮುರಿಯಬಹುದು.