ದ್ವೀಪದ ಸುತ್ತ ಗೆರೆ ಎಳೆದರೆ ಸಾಲದು

ಶಾರ್ಕ್ ಉಳಿಸುವ ಮಾತು ಬಂದಾಗಲೆಲ್ಲ ಜನ ನನ್ನನ್ನು ಕೇಳುವುದು ರೆಕ್ಕೆಯ ಸೂಪಿನ ಬಗ್ಗೆ. ಆದರೆ ಆಳ ಸಮುದ್ರದ ಶಾರ್ಕ್‌ಗಳನ್ನು ಹಿಡಿಯುವುದು ಮುಖ್ಯವಾಗಿ ಲಿವರ್‌ಗಾಗಿ.

ಎಲುಬಿರುವ ಹೆಚ್ಚಿನ ಮೀನುಗಳಿಗೆ ತೇಲಲು ಗಾಳಿಚೀಲ ಇರುತ್ತದೆ, ಶಾರ್ಕ್‌ಗಳಿಗೆ ಇಲ್ಲ. ಗಲ್ಪರ್ ಎಂಬ ಆಳ ಸಮುದ್ರದ ಶಾರ್ಕ್‌ನ ಹೊಟ್ಟೆ ಸೀಳಿದರೆ ಮೊದಲು ಕಾಣುವುದೇ ಲಿವರ್. ಒಳಗೆಲ್ಲ ಅದೇ ತುಂಬಿಕೊಂಡಿರುತ್ತದೆ. ದೇಹದ ತೂಕದ ಕಾಲು ಭಾಗ ಅದೊಂದೇ ಇರಬಹುದು. ಅದರ ಎಣ್ಣೆಯಲ್ಲಿ ಸ್ಕ್ವಾಲೀನ್ ಎಂಬ ಜಿಡ್ಡಿನ ವಸ್ತು ಜಾಸ್ತಿ. ಇದು ನೀರಿಗಿಂತ ಹಗುರ, ಹಾಗಾಗಿ ಶಾರ್ಕ್ ಮುಳುಗುವುದಿಲ್ಲ. ಮುಖಕ್ಕೆ ಹಚ್ಚುವ ಕ್ರೀಮಿಗೆ, ಮಾತ್ರೆಗಳಿಗೆ ಬೇಕಾಗಿರುವುದೂ ಇದೇ. ಸ್ಕ್ವಾಲೀನನ್ನು ಆಲಿವ್ ಎಣ್ಣೆಯಿಂದಲೂ ತೆಗೆಯಬಹುದು. ಶಾರ್ಕೇ ಆಗಬೇಕೆಂಬ ಹಟ ಯಾಕೋ!

ಸಾಗರದ ನಡುವಿನ ದ್ವೀಪಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ನೆಲ ಕಡಿದಾಗಿ ಇಳಿಯುತ್ತದೆ. ಗಲ್ಪರ್ ಶಾರ್ಕ್‌ಗಳಿಗೆ ಒಗ್ಗುವ ಕೆಲವು ನೂರು ಮೀಟರ್ ಆಳದ ಜಾಗ ದ್ವೀಪದ ಸುತ್ತ ಒಂದು ಕಿರಿದಾದ ಪಟ್ಟಿ, ಅಷ್ಟೇ. ಅದರಾಚೆ ಸಮುದ್ರ ಇನ್ನೂ ಆಳ. 3000 ಮೀಟರ್‌ಗಿಂತ ಕೆಳಗೆ ಶಾರ್ಕ್ ಸಿಗುವುದೇ ಅಪರೂಪ. ಇಲ್ಲಿ ಖಾಲಿಯಾದರೆ ಬೇರೆ ಕಡೆಯಿಂದ ಬಂದು ತುಂಬುವುದು ಸುಲಭವಲ್ಲ, ಅಲ್ವಾ? ಆ ಪಟ್ಟಿ ದಡಕ್ಕೆ ಹತ್ತಿರ ಬೇರೆ. ಸಣ್ಣ ದೋಣಿ, ಉದ್ದನೆಯ ಹಗ್ಗ ಇದ್ದರೆ ಗಾಳ ಅಲ್ಲಿಗೆ ಮುಟ್ಟುತ್ತದೆ.

ಮಾಲ್ಡೀವ್ಸ್‌ನಲ್ಲಿ ಆಗಿದ್ದು ಇದೇ. 1980ರ ದಶಕದಲ್ಲಿ ಎಣ್ಣೆಗಾಗಿ ಗಲ್ಪರ್ ಬೇಟೆ ಜೋರಾಗಿ ನಡೆಯಿತು, ಮುಂದೆ ಕುಸಿದುಬಿತ್ತು. ದೇಶ ಶಾರ್ಕ್ ಹಿಡಿಯುವುದನ್ನೇ ನಿಷೇಧಿಸಿದ್ದು 2010ರಲ್ಲಿ. ಒಂದು ಸಲಕ್ಕೆ ಒಂದೋ ಎರಡೋ ಮರಿ ಹಾಕುವ, ಸುಮಾರು ಎರಡು ವರ್ಷ ಬಸಿರು ಹೊರುವ ಜೀವಿ ಅಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ.

'ಬೇರೆ ಮೀನಿಗೆ ಹಾಕಿದ ಗಾಳಕ್ಕೆ ಶಾರ್ಕ್ ಸಿಕ್ಕರೆ ವಾಪಸ್ ಬಿಡಿ' ಎಂಬ ನಿಯಮದ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ. ತಣ್ಣನೆಯ ಕತ್ತಲಿಂದ ಬೆಚ್ಚನೆಯ ಬೆಳಕಿಗೆ, ಒದ್ದಾಡುತ್ತಲೇ ನೂರಾರು ಮೀಟರ್ ಮೇಲೆ ಬಂದ ಮೀನು ಅದು. ದೋಣಿಯಿಂದ ಈಜಿ ಹೋದರೂ ಕೆಳಗೆ ಹೋಗಿ ಸಾಯುವವು ಬಹಳ.

ಅಟ್ಲಾಂಟಿಕ್ ಸಾಗರದ ಅಜೋರ್ಸ್, ಮಡೀರಾ, ಕ್ಯಾನರಿ ದ್ವೀಪಗಳ ಸುತ್ತ ಯುರೋಪಿಯನ್ ಒಕ್ಕೂಟ 2005ರಲ್ಲೇ ತಳ ಕೆರೆಯುವ ಟ್ರಾಲ್ ಬಲೆಗಳನ್ನು ನಿಲ್ಲಿಸಿತು. ತಳದ ಹವಳಗಳಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಬಲೆ ನಿಲ್ಲಿಸಿದ ಮಾತ್ರಕ್ಕೆ ಗಾಳ ನಿಲ್ಲುವುದಿಲ್ಲ. ಹಾಗಾಗಿ ಸಂರಕ್ಷಿತ ಪ್ರದೇಶದ ನಕ್ಷೆ ನನ್ನ ಮುಂದೆ ಬಂದಾಗ ಗಾಳಕ್ಕೆ ಆಳದ ಮಿತಿ ಎಷ್ಟು ಎಂದು ಮೊದಲು ಕೇಳುತ್ತೇನೆ. ಸಮುದ್ರದ ಮಧ್ಯೆ ಇದನ್ನೆಲ್ಲ ಕಾಯುವವರು ಯಾರು ಎಂದು ಕೆಲವರು ಕೇಳುತ್ತಾರೆ. ದೋಣಿಯಲ್ಲಿರುವ ಹಗ್ಗದ ಉದ್ದ ಅಳೆದರೆ ಗಾಳ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂದು ಬಂದರಿನಲ್ಲೇ ಗೊತ್ತಾಗುತ್ತದೆ.