ಅವಧಿಯನ್ನು ಎರಡರಿಂದ ಗುಣಿಸಿ ನೋಡಿ

ಬೆಳಕು ಏರಿಳಿಯುವ ಚರ ನಕ್ಷತ್ರವೊಂದರ ಅಳತೆಗಳನ್ನು ಕೊಟ್ಟರೆ ಕಂಪ್ಯೂಟರ್ ಕ್ಷಣದಲ್ಲಿ ಅದರ ಅವಧಿಯನ್ನು, ಅಂದರೆ ಏರಿಳಿತ ಮರುಕಳಿಸಲು ಹಿಡಿಯುವ ಸಮಯವನ್ನು, ಹೇಳುತ್ತದೆ. ನಾನು ಅದನ್ನು ಎರಡರಿಂದ ಗುಣಿಸಿ ಇನ್ನೊಮ್ಮೆ ನಕ್ಷೆ ಹಾಕುತ್ತೇನೆ. ಸಿಕ್ಕಿದ್ದು ನಿಜವಾದ ಅವಧಿಯ ಅರ್ಧ ಮಾತ್ರವೇನೋ ಎಂಬ ಸಂಶಯ ನನಗೆ.

ಒಂದನ್ನೊಂದು ಸುತ್ತುತ್ತ ಸರದಿಯಲ್ಲಿ ಮರೆಮಾಡುವ ಅಲ್ಗಾಲ್‌ನಂಥ ನಕ್ಷತ್ರ ಜೋಡಿಗಳಲ್ಲಿ ಈ ಸಂಶಯ ಬೇಕಿಲ್ಲ. ಅದರ 2.87 ದಿನದ ಸುತ್ತಿನಲ್ಲಿ ಒಂದು ಗ್ರಹಣ ಆಳವಾದದ್ದು, ಇನ್ನೊಂದು ಬರಿಗಣ್ಣಿಗೆ ಗೊತ್ತೇ ಆಗದಷ್ಟು ಸಣ್ಣದು. ತೊಡಕಿರುವುದು ಡಬ್ಲ್ಯು ಅರ್ಸೆ ಮೇಜೋರಿಸ್ ಮಾದರಿಯಲ್ಲಿ. ಅಲ್ಲಿ ಎರಡು ನಕ್ಷತ್ರಗಳು ಮೈಗೆ ಮೈ ತಾಗಿಸಿಕೊಂಡು ಒಂದೇ ಅನಿಲ ಹೊದಿಕೆಯೊಳಗೆ ಸುತ್ತುತ್ತವೆ. ಒಂದರ ದ್ರವ್ಯರಾಶಿ ಇನ್ನೊಂದರ ಅರ್ಧವೇ ಇದ್ದರೂ ಮೇಲ್ಮೈ ಉಷ್ಣತೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಯಾವುದು ಯಾವುದನ್ನು ಮರೆಮಾಡಿದರೂ ಬೆಳಕು ಬಹುತೇಕ ಅಷ್ಟೇ ಕುಗ್ಗುತ್ತದೆ. 12 ಗಂಟೆಯ ಜೋಡಿ, 6 ಗಂಟೆಗೊಮ್ಮೆ ಮಿಡಿಯುವ ಒಂಟಿ ಆರ್‌ಆರ್ ಲೈರೆ ನಕ್ಷತ್ರದ ವೇಷದಲ್ಲಿ ಪಟ್ಟಿಗೆ ನುಗ್ಗುತ್ತದೆ. ಆರ್‌ಆರ್ ಲೈರೆಗಳನ್ನು ಬಳಸಿ ದೂರ ಅಳೆಯುತ್ತೇವಾದ್ದರಿಂದ ತಪ್ಪು ಅಲ್ಲಿಗೂ ಹರಡುತ್ತದೆ.

ಗುಟ್ಟು ಬಿಟ್ಟುಕೊಡುವುದು ಬಣ್ಣ. ಮಿಡಿಯುವ ನಕ್ಷತ್ರ ಬೆಳಗಿದಾಗ ಬಿಸಿಯಾಗುತ್ತದೆ. ನೀಲಿ ಫಿಲ್ಟರಿನಲ್ಲಿ ಅದರ ಏರಿಳಿತ ಕೆಂಪಿಗಿಂತ ಸ್ಪಷ್ಟವಾಗಿ ದೊಡ್ಡದು. ತಾಗಿಕೊಂಡ ಜೋಡಿಯ ಏರಿಳಿತ ಎರಡರಲ್ಲೂ ಸರಿಸುಮಾರು ಒಂದೇ. ಒಂದೇ ಫಿಲ್ಟರಿನ ಅಳತೆ ಹಿಡಿದು ವರ್ಗ ನಿರ್ಧರಿಸುವುದು ನನ್ನ ಮಟ್ಟಿಗೆ ಊಹೆಯೇ ಹೊರತು ವರ್ಗೀಕರಣವಲ್ಲ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ರೋಹಿತ ಸಿಕ್ಕರಂತೂ ವಾದವೇ ಮುಗಿಯಿತು: ಜೋಡಿಯಾಗಿದ್ದರೆ ಅದರಲ್ಲಿನ ರೇಖೆಗಳು ಎರಡಾಗಿ ಒಡೆದು ಹಿಂದೆಮುಂದೆ ಸರಿಯುತ್ತವೆ. ಆದರೆ ಮಸುಕು ನಕ್ಷತ್ರಗಳಿಗೆ ಆ ಭಾಗ್ಯ ಅಪರೂಪ.

ವರ್ಗ ಗೊತ್ತಾದ ಮೇಲೂ ಗ್ರಹಣದ ಸಮಯವನ್ನು ವರ್ಷಗಟ್ಟಲೆ ಗುರುತು ಹಾಕುತ್ತಿರಬೇಕು. ವೃಶ್ಚಿಕದ ವಿ1309 ಜೋಡಿ 2008ರಲ್ಲಿ ಹಠಾತ್ತನೆ ಉರಿದೆದ್ದಿತು. ಆಕಾಶವನ್ನು ಪದೇ ಪದೇ ಅಳೆಯುವ ಓಗಲ್ ಸಮೀಕ್ಷೆಯ ಹಳೆಯ ಅಳತೆಗಳನ್ನು ತೆಗೆದು ನೋಡಿದರೆ, ಅದರ ಸುಮಾರು 1.4 ದಿನದ ಅವಧಿ ವರ್ಷದಿಂದ ವರ್ಷಕ್ಕೆ ಇನ್ನಷ್ಟು ವೇಗವಾಗಿ ಕುಗ್ಗುತ್ತ ಬಂದಿತ್ತು. ಎರಡು ನಕ್ಷತ್ರ ಬೆರೆತು ಒಂದಾದದ್ದಕ್ಕೆ ಇಷ್ಟು ನೇರ ದಾಖಲೆ ಅದಕ್ಕೆ ಮೊದಲು ಇರಲಿಲ್ಲ.

ಅದೇ ಹುಮ್ಮಸ್ಸಿನಲ್ಲಿ, ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ಪಟ್ಟಿಯ 9832227 ಎಂಬ ಜೋಡಿಯೂ 2022ರ ಸುಮಾರಿಗೆ ಬೆರೆಯಲಿದೆ ಎಂದು 2017ರಲ್ಲಿ ಲೆಕ್ಕ ಹಾಕಲಾಯಿತು. ಮರುವರ್ಷವೇ ಲೆಕ್ಕ ಬಿದ್ದುಹೋಯಿತು: ಹಳೆಯ ಗ್ರಹಣವೊಂದರ ಸಮಯ 12 ಗಂಟೆ ತಪ್ಪಾಗಿ ಅಚ್ಚಾಗಿತ್ತು. ಜೋಡಿಯ ಸುತ್ತು ಸುಮಾರು 11 ಗಂಟೆಯದು. ಹಾಗಾಗಿ ಅಷ್ಟು ದೊಡ್ಡ ತಪ್ಪು ಬರೀ ಒಂದು ಗಂಟೆಯ ವ್ಯತ್ಯಾಸದಂತೆ ಕಂಡು ಯಾರ ಕಣ್ಣಿಗೂ ಚುಚ್ಚಲಿಲ್ಲ. ಖಗೋಳದವರು ದಿನ ಎಣಿಸಲು ಬಳಸುವ ಜೂಲಿಯನ್ ದಿನ ಶುರುವಾಗುವುದೇ ಮಧ್ಯಾಹ್ನಕ್ಕೆ. ಹಳೆಯ ಪಟ್ಟಿಗಳಲ್ಲಿ ಅರ್ಧ ದಿನದ ಎಡವಟ್ಟನ್ನು ನಾನು ಮೊದಲೇ ಹುಡುಕಿಬಿಡುತ್ತೇನೆ.