ಹೆಸರಿಲ್ಲದ ಫಂಕ್ಷನ್‌ಗೆ ಟೈಪ್ ಕೊಟ್ಟವರು ಯಾರು?

ಸ್ಟ್ಯಾಟಿಕ್ ಟೈಪ್ (ಪ್ರೋಗ್ರಾಂ ಓಡುವ ಮೊದಲೇ ಯಾವುದು ಯಾವ ಬಗೆಯ ಡೇಟಾ ಎಂದು ತೀರ್ಮಾನವಾಗುವುದು) ಅಂದ ತಕ್ಷಣ, 'ಇದು ಇಂಟ್ (ಪೂರ್ಣಾಂಕ), ಇದು ಸ್ಟ್ರಿಂಗ್ (ಅಕ್ಷರಗಳ ಸಾಲು)' ಅಂತ ಸಾಲುಸಾಲಿಗೂ ಬರೆಯುತ್ತಾ ಕೂರಬೇಕು ಎಂದು ಗೊಣಗುವವರು ಇನ್ನೂ ಇದ್ದಾರೆ. ಅವರಿಗೆ ಓಕ್ಯಾಮಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಈ ಒಂದು ಸಾಲು ತೋರಿಸಬೇಕು, ಲಿಪಿ ಮಾತ್ರ ನಮ್ಮದು:

ಲಿಸ್ಟ್.ಮ್ಯಾಪ್ (ಫನ್ ಬೆಲೆ -> ಬೆಲೆ + 5) [40; 60]

ದುಂಡು ಬ್ರಾಕೆಟ್ ಒಳಗಿರುವುದು ಒಂದು ಫಂಕ್ಷನ್. ಹೆಸರಿಲ್ಲ, ಟೈಪೂ ಬರೆದಿಲ್ಲ. ಮ್ಯಾಪ್ ಅದನ್ನು ಒಂದೊಂದು ಬೆಲೆಯ ಮೇಲೂ ನಡೆಸುತ್ತದೆ, 45 ಮತ್ತು 65 ಬರುತ್ತವೆ. 60ರ ಜಾಗದಲ್ಲಿ "ಅಕ್ಕಿ" ಅಂತ ಹಾಕಿ ನೋಡಿ. ಪ್ರೋಗ್ರಾಂ ಶುರುವಾಗುವುದೇ ಇಲ್ಲ, ಕಂಪೈಲರ್ ಅಲ್ಲೇ ತಡೆಯುತ್ತದೆ.

ಯಾರೂ ಹೇಳದೆ ಅದಕ್ಕೆ ಗೊತ್ತಾಗಿದ್ದು ಹೇಗೆ? ಪದಬಂಧ ತುಂಬಿದ ಹಾಗೆ. ಮ್ಯಾಪ್‌ನ ಟೈಪ್‌ನಲ್ಲಿ ಎರಡು ಖಾಲಿ ಮನೆಗಳಿವೆ: 'ಅ' ಕೊಟ್ಟರೆ 'ಬ' ಕೊಡುವ ಫಂಕ್ಷನ್ ತಾ, 'ಅ'ಗಳ ಪಟ್ಟಿ ತಾ, 'ಬ'ಗಳ ಪಟ್ಟಿ ಕೊಡುತ್ತೇನೆ. ಓಕ್ಯಾಮಲ್‌ನಲ್ಲಿ + ಇರುವುದು ಇಂಟ್‌ಗೆ ಮಾತ್ರ (ದಶಮಾಂಶಕ್ಕೆ +. ಅನ್ನೋ ಬೇರೆ ಚಿಹ್ನೆ, ಮೊದಮೊದಲು ಕಿರಿಕಿರಿಯೇ). ಹಾಗಾಗಿ ಬೆಲೆ ಇಂಟ್, ಕೂಡಿದ ಮೇಲೂ ಇಂಟ್. 'ಅ' ತುಂಬಿತು, 'ಬ' ತುಂಬಿತು, ಇನ್ನು ಪಟ್ಟಿಯೂ ಇಂಟ್‌ಗಳದ್ದೇ ಆಗಿರಬೇಕಲ್ವಾ? "ಅಕ್ಕಿ" ಆ ಮನೆಗೆ ಕೂರುವುದಿಲ್ಲ.

ಇದೇನು ಹೊಸ ಫ್ಯಾಷನ್ ಅಲ್ಲ. ಹೆಸರಿಲ್ಲದ ಫಂಕ್ಷನ್ (ಲ್ಯಾಂಬ್ಡಾ ಅಂತಲೂ ಕರೆಯುತ್ತಾರೆ) ಗಣಿತಜ್ಞ ಅಲೊಂಜೊ ಚರ್ಚ್ ಅವರ ಲ್ಯಾಂಬ್ಡಾ ಕ್ಯಾಲ್ಕುಲಸ್ ಎಂಬ ಗಣಿತ ಪದ್ಧತಿಯಲ್ಲಿ 1930ರ ದಶಕದಲ್ಲೇ ಇತ್ತು, 1940ರಲ್ಲಿ ಅವರೇ ಅದಕ್ಕೆ ಟೈಪ್ ಸೇರಿಸಿದರು. ಟೈಪನ್ನು ತಾನಾಗಿ ಕಂಡುಕೊಳ್ಳುವ ದಾರಿಯನ್ನು ತರ್ಕಶಾಸ್ತ್ರದ ಕಡೆಯಿಂದ ರೋಜರ್ ಹಿಂಡ್ಲಿ 1969ರಲ್ಲಿ ಪ್ರಕಟಿಸಿದರು, ಎಡಿನ್‌ಬರೋದಲ್ಲಿದ್ದ ರಾಬಿನ್ ಮಿಲ್ನರ್ ಬೇರೆಯಾಗಿಯೇ ಅಲ್ಲಿಗೆ ಬಂದು 1978ರಲ್ಲಿ ಪ್ರಕಟಿಸಿದರು. ಮಿಲ್ನರ್ ಹೊರಟಿದ್ದು ಪ್ರಮೇಯ ಸಾಧಿಸುವ ಪ್ರೋಗ್ರಾಂ ಒಂದಕ್ಕೆ ಭಾಷೆ ಮಾಡಲು. ಸುಳ್ಳು ಪ್ರಮೇಯ ನುಸುಳದಂತೆ ಟೈಪೇ ಕಾಯಬೇಕಿತ್ತು. ಆ ಭಾಷೆ ಎಂಎಲ್. ಓಕ್ಯಾಮಲ್, ಎಫ್ ಶಾರ್ಪ್ ಎರಡೂ ಅದರ ವಂಶವೇ. ಜಾವಾಗೆ ಲ್ಯಾಂಬ್ಡಾ ಬಂದಿದ್ದು 2014ರಲ್ಲಿ!

ಹಾಗಂತ ಕಂಪೈಲರ್‌ಗೆ ಎಲ್ಲವೂ ಹೊಳೆಯುತ್ತೆ ಅಂದುಕೊಳ್ಳಬೇಡಿ. 'ಊರುಗಳು' ಅನ್ನೋದು ಊರಿನ ಹೆಸರುಗಳ ಪಟ್ಟಿ, ಒಂದೊಂದು ಹೆಸರಿನ ಉದ್ದ (ಲೆಂಗ್ತ್) ಬೇಕು ಅಂದುಕೊಳ್ಳಿ. ಎಫ್ ಶಾರ್ಪ್‌ನಲ್ಲಿ ಹೀಗೆ ಬರೆದರೆ ಎರರ್ ಗ್ಯಾರಂಟಿ:

ಲಿಸ್ಟ್.ಮ್ಯಾಪ್ (ಫನ್ ಸ -> ಸ.ಲೆಂಗ್ತ್) ಊರುಗಳು

ಅದು ಎಡದಿಂದ ಬಲಕ್ಕೆ ಓದುತ್ತದೆ. 'ಸ.ಲೆಂಗ್ತ್' ಮುಟ್ಟಿದಾಗ 'ಸ' ಏನೆಂದು ಇನ್ನೂ ಗೊತ್ತಿಲ್ಲ, ಪಟ್ಟಿ ಇರುವುದು ಆಮೇಲೆ. ಎಡಗಡೆ ಇರುವುದನ್ನು ಬಲಗಡೆಯ ಫಂಕ್ಷನ್‌ಗೆ ದಾಟಿಸುವ ಪೈಪ್ ಚಿಹ್ನೆ ಬಳಸಿ ಪಟ್ಟಿಯನ್ನು ಮುಂದಕ್ಕೆ ತನ್ನಿ:

ಊರುಗಳು |> ಲಿಸ್ಟ್.ಮ್ಯಾಪ್ (ಫನ್ ಸ -> ಸ.ಲೆಂಗ್ತ್)

ಅದೇ ಫಂಕ್ಷನ್, ಒಂದಕ್ಷರ ಬದಲಾಗಿಲ್ಲ, ಈಗ ಸಲೀಸಾಗಿ ಕಂಪೈಲ್ ಆಗುತ್ತದೆ. ಎಫ್ ಶಾರ್ಪ್ ಬರೆಯುವವರು ಆ ಪೈಪ್ ಚಿಹ್ನೆಯನ್ನು ಅಷ್ಟು ಜಾಸ್ತಿ ಬಳಸುವುದು ಸುಮ್ನೆ ಚೆಂದಕ್ಕಲ್ಲ.